ನಂಬರ್ ಪ್ಲೇಟಿನ ಕುಂಕುಮ

ಆಯುಧಪೂಜೆಯ ಬೆಳಿಗ್ಗೆ ಕಾರಿಗೆ ಕುಂಕುಮ ಹಚ್ಚಿದವಳು ನಿರುಪಮಕ್ಕ. ನಾನು ಹರಿವಾಣ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಯೋಗೀಶ ಭಾವ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದರು. ಅವರ ಮಗಳು ಅನಘಾ ಚಕ್ರದಡಿಯ ನಿಂಬೆಹಣ್ಣು ಯಾವಾಗ ಒಡೆಯುತ್ತದೆ ಎಂದು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದಳು.

ನಿರುಪಮಕ್ಕ ನನ್ನ ದೊಡ್ಡಮ್ಮನ ಮಗಳು. ಭಾವನನ್ನು ಕಂಪನಿಯವರು ಬೆಂಗಳೂರಿನಿಂದ ನೈರೋಬಿಗೆ ಹಾಕಿದರು, ಅಕ್ಕನಿಗೂ ಇಲ್ಲಿಯ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿತು. ಮಗುವನ್ನು ನೋಡಿಕೊಳ್ಳಲು ಮನೆಯವರೇ ಯಾರಾದರೂ ಇರಲಿ ಎಂದುಕೊಂಡರು. ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ನಂಜನಗೂಡಿನಲ್ಲಿ ಮನೆಗೆಲಸ ಮಾಡಿಕೊಂಡಿದ್ದೆ. ಹಾಗಾಗಿ ಹೈರಿಡ್ಜ್ ಬಡಾವಣೆಯ ಈ ಅಪಾರ್ಟ್‌ಮೆಂಟಿಗೆ ಬಂದೆ.

ಇಲ್ಲಿಯ ಕಾರುಗಳಿಗೆ ಮುಂದಿನ ನಂಬರ್ ಪ್ಲೇಟು ಬಿಳಿ, ಹಿಂದಿನದು ಹಳದಿ. ಮುಂದಿನದಕ್ಕೆ ಅಕ್ಕ ಅರಿಶಿನದ ಬೊಟ್ಟಿಟ್ಟು ಅದರ ನಡುವೆ ಕುಂಕುಮ ಇಟ್ಟಳು, ಚೆನ್ನಾಗಿ ಕಂಡಿತು. ಹಿಂದಿನದರ ಮೇಲೆ ಅರಿಶಿನ ಕಾಣಲೇ ಇಲ್ಲ. ಪೂಜೆ ಮಾಡಿದ ಹಾಗೇ ಇಲ್ಲವಲ್ಲ ಎಂದು ಅವಳು ಗಂಧ ತೇದು ಅಡ್ಡಕ್ಕೆ ಬಳಿದು, ಅದರ ಮೇಲೆ ಕೈತುಂಬ ಕುಂಕುಮ ಇಟ್ಟಳು. ಡಿಕ್ಕಿಯಿಂದ ಚೆಂಡುಹೂವಿನ ಹಾರವನ್ನೂ ಇಳಿಬಿಟ್ಟಳು. ಮಧ್ಯಾಹ್ನ ಸಣ್ಣಗೆ ಮಳೆ ಹನಿಯಿತು. ಕುಂಕುಮ ಕರಗಿ ಅಕ್ಷರಗಳ ಮೇಲೆ ಹರಡಿ ಅಲ್ಲೇ ಒಣಗಿತು.

ಡ್ರೈವರ್ ಮುಸ್ಯೋಕಾ ಅದನ್ನು ನೋಡಿ ಬಟ್ಟೆ ತೆಗೆದರು. ಅವರ ಪ್ಯಾಂಟಿನ ಜೇಬಿನಿಂದ ಕಿತ್ತಳೆ ಬಣ್ಣದ ಒಂದು ಒರೆಸುವ ಬಟ್ಟೆ ಸದಾ ಇಣುಕುತ್ತಿರುತ್ತದೆ. ವಯಸ್ಸು ಐವತ್ತು ದಾಟಿರಬೇಕು. ಮಾತು ಕಡಿಮೆ. ಕಾರಿನ ಮೇಲೆ ಜಕರಾಂಡದ ನೀಲಿ ಹೂವು ಬಿದ್ದು ಅಂಟಿದರೂ ಅವರಿಗೆ ಸಮಾಧಾನವಿಲ್ಲ.

ಅಕ್ಕ ಬಾಲ್ಕನಿಯಿಂದಲೇ ಬೇಡ ಎಂದಳು. ನಾಳೆ ದಶಮಿ, ಸಾಯಂಕಾಲದ ತನಕ ಯಾರೂ ಒರೆಸಬಾರದು, ನಾಳಿದ್ದು ತೊಳೆದರಾಯಿತು ಎಂದು ಇಂಗ್ಲಿಷಿನಲ್ಲಿ ಹೇಳಿದಳು.

"ಮಾಮಾ ಅನಘಾ, ಪೊಲೀಸರಿಗೆ ದಶಮಿ ಗೊತ್ತಿಲ್ಲ," ಎಂದರು ಮುಸ್ಯೋಕಾ. ಇಲ್ಲಿ ಮಾಮಾ ಎಂದರೆ ಅಮ್ಮ, ತಾಯಿಯನ್ನು ಮಗುವಿನ ಹೆಸರು ಸೇರಿಸಿಯೇ ಕರೆಯುತ್ತಾರೆ.

"ಗೊತ್ತಿಲ್ಲದಿದ್ರೆ ನೀನೇ ಹೇಳು. ಇವತ್ತು ಇದು ಕಾರಲ್ಲ, ದೇವರು ಅಂತ."

ಭಾವ ನಕ್ಕರು. ಮುಸ್ಯೋಕಾ ಬಟ್ಟೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಇಲ್ಲಿ ದಸರಾಕ್ಕೆ ರಜೆ ಇಲ್ಲ, ಪೂಜೆಯ ದಿನಕ್ಕೆ ಅಕ್ಕ ಭಾವ ತಾವೇ ರಜೆ ಹಾಕಿದ್ದರಷ್ಟೆ. ಮಾರನೆಯ ದಿನ ಅನಘಾಳನ್ನು ಶಾಲೆಯಿಂದ ಕರೆತರಲು ನಾನೂ ಮುಸ್ಯೋಕಾರೂ ಹೊರಟೆವು. ವೃತ್ತದ ಹತ್ತಿರ ಟ್ರಾಫಿಕ್ ಪೊಲೀಸಿನವರೊಬ್ಬರು ಕೈ ತೋರಿಸಿದರು. ಮುಸ್ಯೋಕಾ ಪಕ್ಕಕ್ಕೆ ತಂದು ನಿಲ್ಲಿಸಿದರು. ಆ ಪೊಲೀಸಿನವರು ಕಾರನ್ನು ಒಂದು ಸುತ್ತು ಹಾಕಿ, ಹಿಂದೆ ಹೋಗಿ, ಕುಕ್ಕರುಗಾಲಲ್ಲಿ ಕೂತರು. ಕುಂಕುಮವನ್ನು ಬೆರಳಿನಿಂದ ಉಜ್ಜಿ ಮೂಸಿ ನೋಡಿ, ಇದೇನು ರಕ್ತವೇ ಎಂದು ಕೇಳಿದರು. ಅಲ್ಲ, ಪ್ರಾರ್ಥನೆ ಎಂದರು ಮುಸ್ಯೋಕಾ.

"ಪ್ರಾರ್ಥನೆ ಮನೆಯಲ್ಲಿ ಮಾಡಿಕೊಳ್ಳಿ ಮ್ಜೇ. ನಂಬರು ರಸ್ತೆಯದು."

ಮ್ಜೇ ಅಂದರೆ ಹಿರಿಯರು. ಆತ ಒರಟಾಗೇನೂ ಮಾತಾಡಲಿಲ್ಲ. ಹಾರ ಪಕ್ಕಕ್ಕೆ ಸರಿಸಿ ಫೋಟೊ ತೆಗೆದುಕೊಂಡು, ಯಾಕೆ ಒರೆಸಲಿಲ್ಲ ಎಂದು ಕೇಳಿದರು. ಮನೆಯವರ ಅಪ್ಪಣೆ ಇರಲಿಲ್ಲ ಎಂದು ಮುಸ್ಯೋಕಾ ಹೇಳಿದ್ದು ಕಾರಿನೊಳಗೆ ಕೂತಿದ್ದ ನನಗೆ ಕೇಳಿಸಿತು. ಈಗಲಾದರೂ ಒರೆಸಿ ಎಂದರು ಆತ. ಮುಸ್ಯೋಕಾ ಬಟ್ಟೆ ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಆಮೇಲೆ ಒರೆಸಿದರು. ಪೊಲೀಸಿನವರು ಅದನ್ನೆಲ್ಲ ನೋಡುತ್ತಾ ನಿಂತಿದ್ದು, ಕೊನೆಗೆ ಕೇಸು ಬರೆದೇ ಬರೆದರು. ನಂಬರು ಕಾಣದ ಹಾಗೆ ಮುಚ್ಚಿ ಗಾಡಿ ಓಡಿಸಿದ್ದು ಎಂದು. ಕೋರ್ಟಿಗೆ ಬರಬೇಕೆಂದು ದಿನ ಕೊಟ್ಟರು.

ರಾತ್ರಿ ಊಟದ ಮುಂಚೆ ಭಾವ ಮುಸ್ಯೋಕಾರನ್ನು ಒಳಗೆ ಕರೆದು ಕೂರಿಸಿಕೊಂಡರು. ಅವರು ಒಳ್ಳೆಯವರೇ. ತಪ್ಪು ನಮ್ಮದು, ದಂಡ ಎಷ್ಟೇ ಆಗಲಿ ನಾನೇ ಕಟ್ಟುತ್ತೇನೆ, ನೀನು ಹೋಗಿ ಹೂಂ ಅಂದುಬಿಡು, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡುತ್ತೀಯ ಎಂದರು. ಅವರ ಆಫೀಸಿನಲ್ಲಿ ಎಲ್ಲರೂ ಹಾಗೇ ಮಾಡುತ್ತಾರಂತೆ. ಅಲ್ಲ ಎಂದು ವಾದಿಸಲು ಹೋದವರು ತಿಂಗಳುಗಟ್ಟಲೆ ಅಲೆಯುತ್ತಾರಂತೆ.

ಮುಸ್ಯೋಕಾ ಸೋಫಾದ ತುದಿಯಲ್ಲಿ ಕೂತು ಕೇಳಿಸಿಕೊಂಡರು. ಆಮೇಲೆ ತಮ್ಮ ಮಾತು ಹೇಳಿದರು. ಬರುವ ಮಾರ್ಚಿಗೆ ನೀವೆಲ್ಲ ವಾಪಸು ಹೋಗುತ್ತೀರಿ, ನಾನು ಲ್ಯಾವಿಂಗ್ಟನ್ನಿನ ಒಂದು ಶಾಲೆಯಲ್ಲಿ ಬಸ್ ಓಡಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ, ಕೋರ್ಟಿನಲ್ಲಿ ಶಿಕ್ಷೆಯಾದವರನ್ನು ಅವರು ತೆಗೆದುಕೊಳ್ಳುವುದಿಲ್ಲ, ನನಗೆ ಶಿಕ್ಷೆಯಾಗಿಲ್ಲವೆಂದು ನವೆಂಬರ್ ಮುಗಿಯುವುದರೊಳಗೆ ಅವರಿಗೆ ಹೇಳಬೇಕು ಎಂದರು.

ಇಷ್ಟು ಸಣ್ಣದನ್ನು ಯಾರು ನೋಡುತ್ತಾರೆ ಎಂದರು ಭಾವ.

"ನಂಬರು ಮುಚ್ಚಿಕೊಂಡು ಓಡಾಡುವವರು ಯಾರು ಬಾಸ್? ಕಳ್ಳರು. ಅದು ಸಣ್ಣದಲ್ಲ. ನಾನು ಹೂಂ ಅಂದರೆ ಮಕ್ಕಳನ್ನು ನನ್ನ ಬಸ್ಸಿಗೆ ಯಾರು ಹತ್ತಿಸುತ್ತಾರೆ?"

ಆಮೇಲೆ ಅವರು ಕೇಳಿದ್ದು ಒಂದೇ. ಮನೆಯವರು ಯಾರಾದರೂ ಬಂದು, ಒರೆಸಬೇಡ ಎಂದು ನಾವೇ ಹೇಳಿದ್ದೆವು ಎನ್ನಬೇಕು. ಭಾವ ಅಕ್ಕನ ಮುಖ ನೋಡಿದರು. ಅಕ್ಕ ಅನಘಾಳ ಜಡೆ ಬಿಚ್ಚುತ್ತಿದ್ದಳು. ನೋಡೋಣ ಎಂದರು ಭಾವ. ಮುಸ್ಯೋಕಾ ಅಸಾಂಟೆ, ಥ್ಯಾಂಕ್ಸ್, ಎಂದು ಹೇಳಿ ಎದ್ದು ಹೋದರು. ಬಾಗಿಲು ಹಾಕಿದ ಮೇಲೆ ಭಾವ ಕನ್ನಡದಲ್ಲಿ ಹೇಳಿದರು, ಗೆದ್ದವ ಸೋತ, ಸೋತವ ಸತ್ತ ಅಂತ ನಮ್ಮ ತಾತ ಸುಮ್ಮನೆ ಹೇಳ್ತಿರಲಿಲ್ಲ, ಪರದೇಶದಲ್ಲಿ ಪರ್ಮಿಟ್ ಮೇಲೆ ಇರೋರು ನಾವು, ಕೋರ್ಟಿನ ಪುಸ್ತಕದಲ್ಲಿ ನಮ್ಮ ಹೆಸರು ಬರೆಸಿಕೊಳ್ಳೋದು ಯಾಕೆ. ಅಕ್ಕ ಬಾಚಣಿಗೆ ಎತ್ತಿಕೊಂಡಳು.

ಮೊದಲ ದಿನ ಮುಸ್ಯೋಕಾ ಒಬ್ಬರೇ ಕೋರ್ಟಿಗೆ ಹೋದರು. ಅಲ್ಲಿ ನಡೆದದ್ದನ್ನು ಮಾರನೆಯ ದಿನ ಶಾಲೆಯ ಗೇಟಿನ ಹತ್ತಿರ ಅನಘಾಳಿಗೆ ಕಾಯುವಾಗ ನನಗೆ ಹೇಳಿದರು. ನನ್ನನ್ನು ಅವರು ದಾದಾ ಲೀಲಾ ಎನ್ನುತ್ತಾರೆ. ಇಲ್ಲಿ ದಾದಾ ಎಂದರೆ ಅಕ್ಕತಂಗಿ. ನಮ್ಮೂರಲ್ಲಿ ದಾದಾ ಎಂದರೆ ಯಾರು ಎಂದು ನಾನು ಒಮ್ಮೆ ಹೇಳಿದ ಮೇಲಂತೂ ಇನ್ನೂ ಗಟ್ಟಿಯಾಗಿ ಕರೆಯುತ್ತಾರೆ.

ಕೋರ್ಟಿನ ಹಾಲ್ ಬಸ್‌ಸ್ಟ್ಯಾಂಡಿನಂತೆ ತುಂಬಿತ್ತಂತೆ. ಒಬ್ಬೊಬ್ಬರ ಹೆಸರು ಕೂಗಿ, ಆರೋಪ ಓದಿ, ನಿಜವೋ ಸುಳ್ಳೋ ಎಂದು ಕೇಳುತ್ತಾರೆ. ಎಲ್ಲರೂ ಕ್ವೇಲಿ, ನಿಜ, ಎಂದು ಹೇಳಿ ಪಕ್ಕಕ್ಕೆ ಸರಿಯುತ್ತಾರೆ. ಆ ಕ್ವೇಲಿಗಳನ್ನು ಕೇಳಿ ಕೇಳಿ ಇವರ ಬಾಯಿಗೂ ಅದೇ ಬಂತಂತೆ. ಆದರೆ ಅದರ ಹಿಂದೆಯೇ, ಹಚ್ಚಿದವನು ನಾನಲ್ಲ, ಒರೆಸಲು ನನಗೆ ಬಿಡಲಿಲ್ಲ, ಎಂದೂ ಹೇಳಿದರಂತೆ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು, ಹಾಗಾದರೆ ನೀವು ಪೂರ್ತಿ ಒಪ್ಪಿಕೊಂಡ ಹಾಗಾಗಲಿಲ್ಲ, ಅರ್ಧ ಒಪ್ಪಿಗೆಯ ಮೇಲೆ ನಾನು ದಂಡ ಹಾಕುವುದಿಲ್ಲ ಎಂದರಂತೆ. ಒಪ್ಪಿಲ್ಲ ಎಂದೇ ಬರೆದುಕೊಂಡು, ವಿಚಾರಣೆಗೆ ಬೇರೆ ದಿನ ಕೊಟ್ಟು, ಅವತ್ತು ಜೊತೆಗಿದ್ದವರು ಯಾರಾದರೂ ಇದ್ದರೆ ಕರೆತನ್ನಿ ಎಂದರಂತೆ.

ಇಷ್ಟು ಹೇಳಿ ಮುಸ್ಯೋಕಾ ಗೇಟಿನ ಕಡೆ ನೋಡುತ್ತಾ ನಿಂತರು. ನೀವು ಬನ್ನಿ ಎಂದು ಕೇಳಲಿಲ್ಲ.

ಕೇಳಿದ್ದರೆ ನನಗೆ ಕಷ್ಟವಾಗುತ್ತಿತ್ತು. ಇಬ್ಬರು ಹೊಸಬರು ಮನೆಗೆ ಬಂದರೆ ನಾನು ಕಾಫಿ ಕೊಟ್ಟು ಅಡುಗೆಮನೆಗೆ ಹೋಗಿಬಿಡುವವಳು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಒರೆಸಬೇಡ ಎಂದವಳು ಯಾರು ಎಂದು ಅಲ್ಲಿ ಕೇಳಿಯೇ ಕೇಳುತ್ತಾರೆ. ನನಗೆ ಅನ್ನ ಹಾಕುತ್ತಿರುವ ಮನೆ ಅದು.

ವಿಚಾರಣೆಯ ಹಿಂದಿನ ದಿನ ನಾನೂ ಅಕ್ಕನೂ ಒಣಗಿದ ಬಟ್ಟೆ ಮಡಚುತ್ತಿದ್ದೆವು. ಭಾವ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ನಾಳೆ ನಾನು ಮುಸ್ಯೋಕಾ ಜೊತೆ ಹೋಗಿಬರುತ್ತೇನೆ ಎಂದೆ. ಅಕ್ಕ ಅನಘಾಳ ಯೂನಿಫಾರಂ ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದಳು.

"ಇಬ್ಬರ ಮುಂದೆ ಬಾಯಿ ಬಿಡಲ್ಲ ನೀನು. ಅಲ್ಲಿ ಹೋಗಿ ಏನು ಹೇಳ್ತೀಯ?"

"ನೋಡಿದ್ದು ಹೇಳ್ತೀನಿ."

"ನೋಡಿದ್ದು ಅಂದ್ರೆ ಎಲ್ಲಾನಾ?"

"ಕೇಳಿದ್ದಕ್ಕೆ ಹೇಳ್ತೀನಕ್ಕ. ಕೇಳದಿದ್ರೆ ಇಲ್ಲ."

ಅಕ್ಕ ಬಟ್ಟೆಯ ಗಂಟು ಎತ್ತಿಕೊಂಡು ಒಳಗೆ ಹೋದಳು. ಬೆಳಿಗ್ಗೆ ಏಳುವ ಹೊತ್ತಿಗೆ ಅನಘಾಳನ್ನು ತಾನೇ ಶಾಲೆಗೆ ಬಿಡುತ್ತೇನೆಂದು ತಯಾರಾಗಿದ್ದಳು. ಡೈನಿಂಗ್ ಟೇಬಲ್ಲಿನ ಮೇಲೆ ನನಗೆಂದು ಉಪ್ಪಿನಕಾಯಿ ಹಚ್ಚಿ ಎರಡು ಚಪಾತಿ ಸುತ್ತಿಟ್ಟಿದ್ದಳು.

ಕಾರನ್ನು ಅಕ್ಕನೇ ತೆಗೆದುಕೊಂಡು ಹೋಗಿದ್ದರಿಂದ ನಾನೂ ಮುಸ್ಯೋಕಾರೂ ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿದೆವು. ವ್ಯಾನಿನಲ್ಲಿ ಹಾಡು ಎಷ್ಟು ಜೋರಾಗಿತ್ತೆಂದರೆ ಮಾತಾಡುವ ಪ್ರಶ್ನೆಯೇ ಇರಲಿಲ್ಲ. ನನಗೆ ಅದೇ ಬೇಕಿತ್ತು. ಮುಸ್ಯೋಕಾ ಭಾನುವಾರದ ಕೋಟು ಹಾಕಿದ್ದರು. ಜೇಬಿನಲ್ಲಿ ಕಿತ್ತಳೆ ಬಟ್ಟೆ ಅವತ್ತೂ ಇತ್ತು.

ಕೋರ್ಟಿನಲ್ಲಿ ಅವರು ಹೇಳಿದಂತೆಯೇ ಜನ. ಮಟಾಟು ಓಡಿಸುವವರು, ಕಂಡಕ್ಟರುಗಳು, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡ ಬೈಕಿನವರು, ಸೂಟು ಹಾಕಿದ ಒಬ್ಬ ಹೆಂಗಸು. ಎಲ್ಲರೂ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತಿದ್ದರು. ಮ್ಯಾಜಿಸ್ಟ್ರೇಟರು ಹೆಂಗಸು, ವಯಸ್ಸಾದವರು. ಎಲ್ಲವನ್ನೂ ಕೈಯಲ್ಲೇ ಬರೆದುಕೊಳ್ಳುತ್ತಿದ್ದರು. ಬರೆದು ಮುಗಿಯುವವರೆಗೆ ಮುಂದಿನ ಪ್ರಶ್ನೆ ಇಲ್ಲ. ಆ ನಿಧಾನ ನೋಡಿ ನನಗೆ ಸ್ವಲ್ಪ ಧೈರ್ಯ ಬಂತು.

ಮೊದಲು ಪೊಲೀಸಿನವರು ಹೇಳಿದರು. ಅದೇ ಮನುಷ್ಯ. ಹಿಂದಿನಿಂದ ನಂಬರು ಓದಲು ಬರುತ್ತಿರಲಿಲ್ಲ, ಹತ್ತಿರ ಹೋಗಿ ಕೂತ ಮೇಲೆ ಕಂಡಿತು, ಎಂದರು. ಹೆಚ್ಚಿಗೆ ಸೇರಿಸಲಿಲ್ಲ. ಇವರನ್ನು ನೀವು ಏನಾದರೂ ಕೇಳಬಹುದು, ಅದು ನಿಮ್ಮ ಹಕ್ಕು ಎಂದು ಮ್ಯಾಜಿಸ್ಟ್ರೇಟರು ಮುಸ್ಯೋಕಾಗೆ ಹೇಳಿದರು. ಮುಸ್ಯೋಕಾ ಪೊಲೀಸಿನವರ ಕಡೆ ತಿರುಗಿದರು.

"ಯಾಕೆ ಒರೆಸಲಿಲ್ಲ ಅಂತ ನೀವು ಕೇಳಿದಾಗ ನಾನು ಏನು ಹೇಳಿದೆ?"

"ಮನೆಯವರ ಅಪ್ಪಣೆ ಇಲ್ಲ ಅಂದಿರಿ."

"ಒರೆಸಿ ಅಂದಾಗ?"

"ಕಾರಿನಲ್ಲಿದ್ದ ಹುಡುಗಿಯನ್ನು ನೋಡಿದಿರಿ. ಆಮೇಲೆ ಒರೆಸಿದಿರಿ."

ಮ್ಯಾಜಿಸ್ಟ್ರೇಟರು ಅಷ್ಟನ್ನೂ ಬರೆದುಕೊಂಡರು. ನಂತರ ಮುಸ್ಯೋಕಾ ತಮ್ಮದನ್ನು ಹೇಳಿದರು. ಮನೆಯವರ ಹಬ್ಬ, ಅದರ ನಿಯಮ ಹಾಗೆ ಎಂದರು. ಯಾರು ಹೇಳಿದರು ಎಂದು ಕೇಳಿದಾಗ, ಮನೆಯವರು ಎಂದಷ್ಟೇ ಅಂದರು. ಎರಡು ಸಲ ಕೇಳಿದರೂ ಅಷ್ಟೇ. ಮಾಮಾ ಅನಘಾ ಎಂಬ ಹೆಸರು ಅವರ ಬಾಯಿಂದ ಬರಲಿಲ್ಲ.

ಆಮೇಲೆ ನನ್ನನ್ನು ಕರೆದರು. ಕಟಕಟೆಯ ಮರ ಎಲ್ಲರ ಕೈ ತಾಗಿ ನುಣ್ಣಗಾಗಿತ್ತು. ಪುಸ್ತಕ ಮುಟ್ಟಿ ಪ್ರಮಾಣ ಮಾಡುತ್ತೀಯೋ, ಬರೀ ಕೈ ಎತ್ತುತ್ತೀಯೋ ಎಂದು ಗುಮಾಸ್ತರು ಕೇಳಿದರು. ಕೈ ಎತ್ತಿದೆ. ಯಾವ ಭಾಷೆ ಎಂದರು. ಕನ್ನಡ ಎಂದೆ. ಗುಮಾಸ್ತರು ಮ್ಯಾಜಿಸ್ಟ್ರೇಟರನ್ನು ನೋಡಿದರು, ಮ್ಯಾಜಿಸ್ಟ್ರೇಟರು ಪೊಲೀಸಿನವರನ್ನು ನೋಡಿದರು. ಹಿಂದಿ, ಗುಜರಾತಿಗೆ ಹೇಗೋ ಜನ ಸಿಗುತ್ತಾರೆ, ಇದಕ್ಕೆ ಹುಡುಕಬೇಕು, ಅರ್ಥವಾಗದ ಮಾತಿನಲ್ಲಿ ಯಾರ ಸಾಕ್ಷಿಯನ್ನೂ ತೆಗೆದುಕೊಳ್ಳುವ ಹಾಗಿಲ್ಲ, ಇನ್ನೊಂದು ದಿನ ಕೊಡಲೇ ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

ಇನ್ನೊಂದು ದಿನ ಎಂದರೆ ಡಿಸೆಂಬರ್. ಶಾಲೆಯವರು ಅಲ್ಲಿಯವರೆಗೆ ಕಾಯುವುದಿಲ್ಲ. ನನಗೆ ಸ್ವಲ್ಪ ಸ್ವಾಹಿಲಿ ಬರುತ್ತದೆ, ತರಕಾರಿ ಅಂಗಡಿಯಷ್ಟು, ಎಂದೆ. ಬೆಂಚಿನಲ್ಲಿದ್ದವರು ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ.

"ನಿಧಾನವಾಗಿ ಹೇಳು. ನಿನಗೆ ಅರ್ಥವಾಗದಿದ್ದರೆ ಕೈ ಎತ್ತು. ನನಗೆ ಅರ್ಥವಾಗದಿದ್ದರೆ ನಾನು ಎತ್ತುತ್ತೇನೆ."

ಅವರು ಮೊದಲು ಕೇಳಿದ್ದು ಆ ಕೆಂಪು ಏನು ಎಂದು. ವರ್ಷಕ್ಕೊಂದು ದಿನ ನಾವು ಕೆಲಸದ ಸಾಮಾನನ್ನೆಲ್ಲ ಸುಮ್ಮನೆ ಇಡುತ್ತೇವೆ, ಎಂದೆ. ಚಾಕು, ಮಿಕ್ಸಿ, ಲ್ಯಾಪ್‌ಟಾಪು, ಕಾರು. ಅವತ್ತು ಅವುಗಳಿಗೆ ಕೈ ಮುಗಿಯುತ್ತೇವೆ, ಬಣ್ಣ ಇಡುತ್ತೇವೆ, ಹೂವಿಡುತ್ತೇವೆ. ಅಸಾಂಟೆ ಹೇಳಿದ ಹಾಗೆ. ಮ್ಯಾಜಿಸ್ಟ್ರೇಟರು ಒಮ್ಮೆ ಕೈ ಎತ್ತಿದರು. ಮಿಕ್ಸಿಗೂ ಕೈ ಮುಗಿಯುತ್ತೀರಾ ಎಂದರು. ಹೂಂ ಎಂದೆ. ಬರೆದುಕೊಂಡರು.

ಡ್ರೈವರು ಒರೆಸಲು ಬಂದಿದ್ದರೇ ಎಂದು ಕೇಳಿದರು. ಬಂದಿದ್ದರು, ಬಟ್ಟೆ ಕೈಯಲ್ಲಿತ್ತು, ಬೇಡ ಅಂದದ್ದಕ್ಕೆ ಜೇಬಿಗೆ ಹಾಕಿಕೊಂಡರು, ಎಂದೆ.

"ಬೇಡ ಅಂದವರು ಯಾರು?"

ಮುಸ್ಯೋಕಾ ನೆಲ ನೋಡುತ್ತಿದ್ದರು. ಮ್ಯಾಜಿಸ್ಟ್ರೇಟರ ಪೆನ್ನು ಹಾಳೆಯ ಮೇಲೆ ನಿಂತಿತ್ತು. ಅವರು ಅವಸರ ಮಾಡಲಿಲ್ಲ. ಕೈ ಎತ್ತಬಹುದಿತ್ತು, ಅರ್ಥವಾಗಲಿಲ್ಲ ಎನ್ನಬಹುದಿತ್ತು. ನನಗೆ ಅರ್ಥವಾಗಿತ್ತು.

"ನನ್ನ ಅಕ್ಕ. ನಿರುಪಮಾ. ಅವಳಿಗೂ ನಂಬರು ಮುಚ್ಚಬೇಕು ಅಂತ ಇರಲಿಲ್ಲ. ಹಿಂದಿನ ಪ್ಲೇಟು ಹಳದಿ, ಅರಿಶಿನ ಕಾಣಲಿಲ್ಲ. ಅದಕ್ಕೆ ಜಾಸ್ತಿ ಹಾಕಿದಳು."

ಅದನ್ನು ಅರ್ಥ ಮಾಡಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು. ಹಳದಿಯ ಮೇಲೆ ಹಳದಿ ಎಂದು ಕೈಯಲ್ಲಿ ತೋರಿಸಬೇಕಾಯಿತು. ಕೊನೆಗೆ ಪೊಲೀಸಿನವರೇ, ಹೌದು, ಮುಂದಿನ ಪ್ಲೇಟು ಸರಿಯಾಗಿ ಕಾಣುತ್ತಿತ್ತು ಎಂದರು.

ಮ್ಯಾಜಿಸ್ಟ್ರೇಟರು ಬಹಳ ಹೊತ್ತು ಬರೆದು, ಬರೆದದ್ದನ್ನು ಇಂಗ್ಲಿಷಿನಲ್ಲಿ ಓದಿದರು. ಗುಮಾಸ್ತರು ಸ್ವಾಹಿಲಿಯಲ್ಲಿ ಹೇಳಿದರು. ನಂಬರು ಕಾಣುತ್ತಿರಲಿಲ್ಲ, ಆ ಮಟ್ಟಿಗೆ ಪೊಲೀಸರು ಮಾಡಿದ್ದು ಸರಿ. ಗಾಡಿ ಹೊರಡಿಸುವವನು ಪ್ಲೇಟು ನೋಡಿಕೊಳ್ಳಬೇಕು, ಹಬ್ಬವಿದ್ದರೂ. ಆದರೆ ಈತ ನೋಡಿಕೊಂಡಿದ್ದಾನೆ, ಒರೆಸಲು ಹೋಗಿದ್ದಾನೆ, ಅನ್ನ ಕೊಡುವವರ ಮಾತಿಗೆ ನಿಂತಿದ್ದಾನೆ. ಇವನನ್ನು ಅಪರಾಧಿ ಎಂದು ಬರೆಯುವುದು ನ್ಯಾಯವಲ್ಲ. ದಂಡವಿಲ್ಲ, ಶಿಕ್ಷೆಯ ದಾಖಲೆಯೂ ಇಲ್ಲ, ಹೋಗಬಹುದು.

ಆಮೇಲೆ ಪೆನ್ನಿಟ್ಟು ನನ್ನ ಕಡೆ ತಿರುಗಿ, ಇನ್ನೂ ನಿಧಾನವಾಗಿ ಹೇಳಿದರು.

"ಇಲ್ಲಿ ನಿಲ್ಲಬೇಕಾದವರು ಮನೆಯಲ್ಲಿದ್ದಾರೆ. ಅವರಿಗೆ ಅಷ್ಟು ಹೇಳು."

ಹೊರಗೆ ಬಂದು ಇಬ್ಬರೂ ಮೆಟ್ಟಿಲ ಮೇಲೆ ಕೂತು ಚಪಾತಿ ತಿಂದೆವು. ಉಪ್ಪಿನಕಾಯಿ ಖಾರ ಎಂದು ಮುಸ್ಯೋಕಾ ಕಣ್ಣೊರೆಸಿಕೊಂಡರು. ಅದು ಅಂಥ ಖಾರವೇನೂ ಇರಲಿಲ್ಲ.

ಮನೆಗೆ ಬಂದಾಗ ಭಾವನೂ ಬೇಗ ಬಂದಿದ್ದರು. ಬಿಟ್ಟರು ಎಂದು ಕೇಳಿ ಅವರಿಗೆ ನಿಜಕ್ಕೂ ಸಂತೋಷವಾಯಿತು. ನಮ್ಮ ಹೆಸರು ಕೇಳಿದರಾ ಎಂದರು. ಅಕ್ಕನ ಹೆಸರು ಹೇಳಿದೆ ಎಂದೆ. ಭಾವನ ಮುಖ ಸಣ್ಣದಾಯಿತು. ವಿಳಾಸ ಬರೆದುಕೊಂಡರಾ, ಪಾಸ್‌ಪೋರ್ಟ್ ಕೇಳಿದರಾ ಎಂದು ಒಂದೊಂದಾಗಿ ವಿಚಾರಿಸಿ, ಇಲ್ಲ ಎಂದು ಖಾತ್ರಿಯಾದ ಮೇಲೆ ಟೀವಿ ಹಾಕಿದರು.

ಅಕ್ಕ ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿದಳು. ನಾನು ಬೇಳೆ ತೊಳೆಯುತ್ತಿದ್ದೆ.

"ಕೇಳಿದ್ರಾ?"

"ಕೇಳಿದ್ರು."

"ಏನಂದ್ರು ಅವರು?"

ಮ್ಯಾಜಿಸ್ಟ್ರೇಟರು ಹೇಳಿದ್ದನ್ನು ಹಾಗೆಯೇ ಹೇಳಿದೆ. ಬೆನ್ನು ತಿರುಗಿಸಿಕೊಂಡು ಹೇಳಿದ್ದರಿಂದ ಅವಳ ಮುಖ ನನಗೆ ಕಾಣಲಿಲ್ಲ. ಕುಕ್ಕರಿನ ಮುಚ್ಚಳ ಹಾಕಿ ತಿರುಗುವಷ್ಟರಲ್ಲಿ ಅವಳು ಅಲ್ಲಿರಲಿಲ್ಲ. ಆ ವಾರವೆಲ್ಲ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು, ಹಾಲು ತಂದ್ಯಾ, ಅನಘಾ ತಿಂದಳಾ. ಆಮೇಲೊಂದು ಸಂಜೆ ಬ್ಯಾಂಕಿನಿಂದ ಬಂದವಳು ಮನೆಯೊಳಗೆ ಬರಲಿಲ್ಲ. ಕಿಟಕಿಯಿಂದ ನೋಡಿದರೆ ಕಾರಿನ ಪಕ್ಕ ನಿಂತು ಮುಸ್ಯೋಕಾಗೆ ಏನೋ ಹೇಳುತ್ತಿದ್ದಳು. ಮುಸ್ಯೋಕಾ ಎರಡು ಕೈಯನ್ನೂ ಆಡಿಸಿ, ಸವಾ ಸವಾ, ಆಯ್ತು ಬಿಡಿ, ಎನ್ನುತ್ತಿದ್ದರು. ಅಕ್ಕ ಬಿಡದೆ ಪೂರ್ತಿ ಹೇಳಿ ಮುಗಿಸಿದಳು. ಏನು ಹೇಳಿದಳೆಂದು ನಾನು ಕೇಳಲಿಲ್ಲ. ಅವತ್ತು ರಾತ್ರಿ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ನನ್ನನ್ನು ಬೈದಳು. ನನಗೆ ಹಾಯೆನಿಸಿತು.

ಬಸ್ಸಿನ ಕೆಲಸ ಮುಸ್ಯೋಕಾಗೆ ಸಿಕ್ಕಿತು. ಜನವರಿಯಲ್ಲಿ ಶಾಲೆ ತೆರೆದಾಗಿನಿಂದ. ನಮ್ಮ ಮನೆಯಲ್ಲಿ ಅವರ ಕೊನೆಯ ದಿನ ಅಕ್ಕ ತಟ್ಟೆಯಲ್ಲಿ ತೆಂಗಿನಕಾಯಿ, ಹಣ್ಣು, ಒಂದು ಶರ್ಟಿನ ಬಟ್ಟೆ ಇಟ್ಟುಕೊಂಡು ಕೆಳಗೆ ಬಂದಳು. ಪಕ್ಕದಲ್ಲಿ ಕುಂಕುಮದ ಬಟ್ಟಲೂ ಇತ್ತು. ಅದನ್ನು ನೋಡಿ ಮುಸ್ಯೋಕಾ ಒಂದು ಹೆಜ್ಜೆ ಹಿಂದಕ್ಕೆ ಹೋದರು.

ಅಕ್ಕ ನಕ್ಕಳು. ಹಬ್ಬದ ದಿನ ನಮ್ಮ ಸಾಮಾನಿಗೆಲ್ಲ ಇಟ್ಟೆ, ನಿನ್ನದಕ್ಕೆ ಇಡಲಿಲ್ಲ, ನಿನ್ನ ಕೆಲಸದ ಸಾಮಾನು ಯಾವುದು ಎಂದು ಕೇಳಿದಳು. ಬೇಡವಾದರೆ ಬೇಡ ಎನ್ನು ಎಂದೂ ಹೇಳಿದಳು.

ಮುಸ್ಯೋಕಾ ಲೈಸೆನ್ಸಿನ ಕೆಂಪು ಪುಸ್ತಕ ತೆಗೆದರು. ಒಂದು ಗಳಿಗೆ ನೋಡಿ, ಇದು ಬೇಡ, ಇದನ್ನೂ ಪೊಲೀಸರು ಓದಬೇಕು ಎಂದು ಒಳಗಿಟ್ಟರು. ಆಮೇಲೆ ಪ್ಯಾಂಟಿನ ಜೇಬಿನಿಂದ ಕಿತ್ತಳೆ ಬಟ್ಟೆ ಎಳೆದು, ಕೊಡವಿ, ಬಾನೆಟ್ಟಿನ ಮೇಲೆ ಹರಡಿದರು.

"ಇದಕ್ಕೆ ಇಡಿ, ಮಾಮಾ ಅನಘಾ. ಇದನ್ನು ಯಾರೂ ಓದಬೇಕಾಗಿಲ್ಲ."

ಅಕ್ಕ ಅದರ ಒಂದು ಮೂಲೆಗೆ ಒಂದೇ ಬೊಟ್ಟಿಟ್ಟಳು, ಚಿಕ್ಕದು.